ಕೆಳರೆಪ್ಪೆ ಎಳೆಯುವ ಮಾವ

ನಮ್ಮ ಸೋದರಮಾವನ ಎದುರು ಕಣ್ಣು ಬಿಟ್ಟುಕೊಂಡು ನಿಲ್ಲುವುದು ಅಪಾಯ! ಕುಶಲ ಕೇಳುವುದಕ್ಕೆ ಮೊದಲು ಅವರ ಹೆಬ್ಬೆರಳು ನಿಮ್ಮ ಕೆನ್ನೆಗೆ ಬಂದು, ಕಣ್ಣಿನ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆದಿರುತ್ತದೆ. ಒಳಗೆ ಕೆಂಪಗಿದ್ದರೆ ನೀವು ಬಚಾವು. ಬಿಳಿಚಿಕೊಂಡಿದ್ದರೆ ನುಗ್ಗೆಸೊಪ್ಪಿನ ಉಪದೇಶ ಮುಗಿಯುವವರೆಗೂ ಕದಲುವ ಹಾಗಿಲ್ಲ.

ಚಿಂತಾಮಣಿಯಲ್ಲಿ ಒಂದು ನಿಶ್ಚಿತಾರ್ಥ. ಹುಡುಗಿ ನಮಸ್ಕಾರ ಮಾಡಲು ಬಗ್ಗಿ ಎದ್ದಳು. ಮಾವ ಆಶೀರ್ವಾದಕ್ಕೆ ಎತ್ತಿದ ಕೈಯನ್ನೇ ರೆಪ್ಪೆಗೆ ಹಾಕಿದರು. "ರಕ್ತವೇ ಇಲ್ಲ! ಮೊದಲು ಸೊಪ್ಪು ತಿನ್ಸಿ, ಆಮೇಲೆ ತಾಂಬೂಲ ಬದಲಾಯ್ಸಿ!" ಬೀಗರು ಇನ್ನೂ ಮಾತು ಬಿಟ್ಟಿದ್ದಾರೆ. ಶಿಡ್ಲಘಟ್ಟದ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೊಡಿ ಅಂದರೆ, "ಚಿಲ್ಲರೆ ಇರ್ಲಿ ಕಣಪ್ಪಾ, ನಿನ್ನ ಮೈಯಲ್ಲಿ ರಕ್ತ ಎಲ್ಲಿದೆ?" ಅಂದರು. ಅತ್ತೆಯಂತೂ, "ನನ್ನ ರೆಪ್ಪೆ ಎಳ್ದೂ ಎಳ್ದೂ ಜೋತು ಬಿದ್ದಿದೆ ಕಣೋ," ಎನ್ನುತ್ತಾರೆ.

ಈ ಹುಚ್ಚು ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡಷ್ಟನ್ನೇ ಬರೆಯುತ್ತೇನೆ.

ಜಂಗಮಕೋಟೆಯ ಹತ್ತಿರ ಮಾವ ಇಪ್ಪತ್ತು ವರ್ಷ ರೇಷ್ಮೆಹುಳು ಸಾಕಿದವರು. ಅವರ ಹುಳುಮನೆಗೆ ಬ್ಲೀಚಿಂಗ್ ಪೌಡರಿನ ನೀರಲ್ಲಿ ಕಾಲದ್ದದೆ ಯಾರೂ ಹೋಗುವಂತಿರಲಿಲ್ಲ. ದೂಳು ಕಂಡರೆ ರೋಗ ಕಂಡಂತೆ. ಅದರಲ್ಲೂ ಸುಣ್ಣಕಟ್ಟು. ಆ ರೋಗ ಬಂದರೆ ಹುಳು ಬೆಳ್ಳಗಾಗಿ, ಸುಣ್ಣದ ಕಡ್ಡಿಯಂತೆ ಸೆಟೆದು ಸಾಯುತ್ತದೆ. ಕೊನೆಗೆ ಹುಳು ಸಾಕುವುದನ್ನು ಬಿಟ್ಟು, ಅದೇ ಹುಳುಮನೆಗೆ ಒಂದು ಬಿಳಿ ಹಂದಿ ತಂದು ಕಟ್ಟಿದರು. ಬ್ಲೀಚಿಂಗ್ ಪೌಡರ್ ಮಾತ್ರ ಬಿಡಲಿಲ್ಲ! ಸಿಮೆಂಟು ನೆಲ ತಟ್ಟೆಯಂತೆ ಹೊಳೆಯುತ್ತಿತ್ತು. ಬೇಲಿಯಾಚೆಯ ಮುದುಕ, "ಏಮಿ ಸಾಮಿ, ಪಂದುಲಕೂ ಮಡೀನಾ?" ಎಂದು, ಹಂದಿಗಳಿಗೂ ಮಡಿಯೇ ಅಂತ ತೆಲುಗಿನಲ್ಲಿ ಛೇಡಿಸುತ್ತಿದ್ದ.

ಒಂಬತ್ತು ಮರಿ ಹುಟ್ಟಿದವು. ಎರಡು ವಾರಕ್ಕೆ ಅವುಗಳ ಕಿವಿ ಬಿಳಿಚಿತು. ನಾಲ್ಕು ಹೆಜ್ಜೆಗೆ ಏದುಸಿರು. "ಸುಣ್ಣಕಟ್ಟು ಕಣೋ!" ಅಂದರು ಮಾವ. ದಿನಕ್ಕೊಮ್ಮೆ ತೊಳೆಯುತ್ತಿದ್ದ ನೆಲವನ್ನು ಮೂರು ಸಲ ತೊಳೆದರು. ತಿಕ್ಕಿದಷ್ಟೂ ಮರಿ ಬೆಳ್ಳಗಾದವು. ಭೇದಿ ಹಿಡಿಯಿತು. ಒಂದೊಂದಾಗಿ ಸಾಯತೊಡಗಿದವು.

ಪಶುವೈದ್ಯರು ಬಂದು, ಉಳಿದ ಮರಿಯೊಂದರ ಕೆಳರೆಪ್ಪೆ ಎಳೆದು ನೋಡಿದರು. ಕಾಗದದ ಬಣ್ಣ.

"ಯಜಮಾನ್ರೇ, ಇವಕ್ಕೆ ಮಣ್ಣು ಎಲ್ಲಿ?"

"ಮಣ್ಣಾ? ಒಂದು ಕಣ ಇದ್ರೆ ತೋರ್ಸಿ ಸಾರ್!" ಮಾವನ ದನಿಯಲ್ಲಿ ಹೆಮ್ಮೆಯಿತ್ತು.

ವೈದ್ಯರು ನಗಲಿಲ್ಲ. ತಾಯಿಹಾಲಲ್ಲಿ ಕಬ್ಬಿಣದ ಅಂಶ ಸಾಲದು, ಹೊರಗೆ ಬೆಳೆಯುವ ಮರಿ ಮಣ್ಣು ಕೆದಕಿ ತಿಂದು ಅದನ್ನು ಪಡೆಯುತ್ತದೆ ಎಂದರು. ಸಿಮೆಂಟಿನ ಮೇಲೆ ಸಾಕುವುದಾದರೆ ಮೂರನೇ ದಿನಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಡಲೇಬೇಕು. ಇಲ್ಲದಿದ್ದರೆ ರಕ್ತದ ಜೊತೆಗೆ ರೋಗ ತಡೆಯುವ ಶಕ್ತಿಯೂ ಹೋಗುತ್ತದೆ.

ಆಗಲೇ ತಡವಾಗಿತ್ತು, ಒಂದೂ ಉಳಿಯಲಿಲ್ಲ. ಒಂಬತ್ತನ್ನೂ ಹಿಪ್ಪುನೇರಳೆ ತೋಟದಲ್ಲಿ ಹೂತೆವು. ಅವು ಮಣ್ಣು ಮುಟ್ಟಿದ್ದು ಹೂತಾಗಲೇ.

ರೆಪ್ಪೆಯ ಹುಚ್ಚು ಶುರುವಾಗಿದ್ದು ಅಲ್ಲಿಂದ. ಊರು ನಕ್ಕಿತು, ನಾನೂ ನಕ್ಕೆ. ಅತ್ತೆ ಮಾತ್ರ ಒಂದೇ ಮಾತು ಹೇಳಿದರು: "ಇನ್ನೊಂದ್ಸಲ ಹಿಂಗಾದ್ರೆ ಹಂದಿ ಕೊಟ್ಬಿಡೋದು. ನಿಮ್ಮನ್ನ ಹಿಂಗೆ ನೋಡೋಕೆ ನನ್ನ ಕೈಲಾಗಲ್ಲ."

ಮುಂದಿನ ಸಲ ಎಂಟು ಮರಿ. ಮೂರನೇ ದಿನ ಇಂಜೆಕ್ಷನ್ ಆಯಿತು. ಮಾವ ಬೆಳಿಗ್ಗೆ ಎಂಟು ಮರಿಯ ಹದಿನಾರು ರೆಪ್ಪೆ ಎಳೆದು, "ಎಲ್ಲಾ ದಾಸವಾಳ!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಸಾರುತ್ತಿದ್ದರು.

ಮೂರು ವಾರ ಕಳೆದ ಮೇಲೆ ಐದು ಮರಿಗೆ ಜ್ವರ, ಭೇದಿ. ಮಾವ ರೆಪ್ಪೆ ಎಳೆದು ನೋಡಿದರು. "ಮತ್ತೆ ಬಿಳಿಚ್ತಾ ಇವೆ ಕಣೋ." ಗೋಡೆಯ ಗೂಡಿನಲ್ಲಿ ಉಳಿದಿದ್ದ ಕಬ್ಬಿಣದ ಇಂಜೆಕ್ಷನ್ ಬಾಟಲಿ ತೆಗೆದರು. ವೈದ್ಯರನ್ನು ಕೇಳುತ್ತೇನೆಂದು ನಾನು ಸಿಗ್ನಲ್ ಹುಡುಕಿಕೊಂಡು ರಸ್ತೆಯವರೆಗೆ ಹೋದೆ. ಹೋಗುವಾಗ ಬಾಟಲಿ ಅವರ ಕೈಯಲ್ಲಿತ್ತು. ನಾನು ಕಂಡೆ. ನಾನು ಬರೋವರೆಗೆ ತಡೀರಿ ಮಾವ ಅನ್ನಲಿಲ್ಲ.

"ಈಗ ಬೇಡ, ಬೇಡ," ಅಂದರು ವೈದ್ಯರು ಫೋನಿನಲ್ಲಿ. "ಸೋಂಕಿದ್ದಾಗ ಮೈಯೇ ಕಬ್ಬಿಣಾನ ರೋಗಾಣುವಿಗೆ ಸಿಗದ ಹಾಗೆ ಬಚ್ಚಿಡುತ್ತೆ. ನೀವು ಈಗ ಕೊಟ್ರೆ ಅದಕ್ಕೂ ಊಟ ಬಡಿಸ್ದಂಗೆ. ಮೊದಲು ಜ್ವರ ಇಳೀಲಿ. ನಾನು ಬರ್ತೀನಿ."

ಓಡಿ ಬಂದೆ. ಮಾವ ಐದಕ್ಕೂ ಚುಚ್ಚಿ, ಸೂಜಿ ತೊಳೆಯುತ್ತಿದ್ದರು.

ಎರಡು ದಿನದಲ್ಲಿ ಐದೂ ಹೋದವು. ಅದರಿಂದಲೇ ಹೋದವೇ? ವೈದ್ಯರು, "ಹಾಗಂತ ಹೇಳೋಕಾಗಲ್ಲ, ಭೇದಿ ಜೋರಾಗಿತ್ತು," ಎಂದರು. ಅದರಿಂದಲ್ಲ ಅಂತಲೂ ಹೇಳಲಿಲ್ಲ. ಆ ಉತ್ತರದೊಳಗೇ ನಾನು ಇನ್ನೂ ಇದ್ದೇನೆ.

ಮಾರನೆಯ ಬೆಳಿಗ್ಗೆ ಮಾವ ತೋಟದಿಂದ ಒಂದು ಮಂಕರಿ ಕೆಮ್ಮಣ್ಣು ಹೊತ್ತು ತಂದು, ಇಪ್ಪತ್ತು ವರ್ಷ ತೊಳೆದ ನೆಲದ ಮೇಲೆ ಸುರಿದರು. ಉಳಿದ ಮೂರು ಮರಿ ಮೂತಿ ತೂರಿಸಿ ಕೆದಕಿದವು.

"ಸಂಜೆ ಗಾಡಿ ಬರುತ್ತೆ," ಅಂದರು. "ತಾಯೀನೂ, ಇವನ್ನೂ ಕೊಟ್ಬಿಟ್ಟೆ. ಅಲ್ಲೀವರೆಗೆ ಆಡ್ಲಿ."

ಹೊಸ್ತಿಲ ಮೇಲೆ ಕುಕ್ಕರಿಸಿದರು. ಊರಿನವರದೆಲ್ಲ ನೋಡಿದ ಮಾವನ ರೆಪ್ಪೆಯನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಹೆಬ್ಬೆರಳಿಟ್ಟು ಮೆಲ್ಲಗೆ ಎಳೆದೆ. ಅವರು ಮುಖ ತಿರುಗಿಸಲಿಲ್ಲ. ನನ್ನ ಬೆರಳು ಒದ್ದೆಯಾಯಿತು.

"ಹೆಂಗಿದೆಯೋ?" ಅಂದರು.

"ಕೆಂಪಗಿದೆ ಮಾವ," ಅಂದೆ.