ಏಳನೇ ನಂಬರಿನ ರಕ್ತ

ಇಷ್ಟಕ್ಕೆಲ್ಲ ಮೂಲ ಗುಮಾಸ್ತರ ಒಂದು ಸೀನು. ಸೀನು ಅಂದರೆ ನಾವು ನೀವು ಸೀನುವಂಥದ್ದಲ್ಲ. ಮೊದಲು ಅವರ ಮೂಗು ಮೆಲ್ಲಗೆ ಅರಳುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ಬಾಯಿ ತೆರೆದುಕೊಂಡು ಹಾಗೇ ನಿಲ್ಲುತ್ತದೆ. ಎದುರಿಗಿದ್ದವರು ಉಸಿರು ಬಿಗಿಹಿಡಿದು ಕಾದು ಕಾದು, ಇನ್ನು ಬರಲಿಕ್ಕಿಲ್ಲ ಎಂದು ನಿರಾಳವಾದ ಗಳಿಗೆಗೆ ಸರಿಯಾಗಿ ಸಿಡಿಯುತ್ತದೆ. ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅದು ಸಿಡಿದಾಗ ಸೊಳ್ಳೆರಾಯನ ಕೈಯಲ್ಲಿ ಏಳನೇ ನಂಬರಿನ ಟ್ಯೂಬು ಇತ್ತು. ಮರುಕ್ಷಣ ಇರಲಿಲ್ಲ.

"ಏನ್ರೀ ಬಿತ್ತು?" ಎಂದರು ಗುಮಾಸ್ತರು, ರಿಜಿಸ್ಟರಿನಿಂದ ತಲೆ ಎತ್ತದೆ ಮೂಗು ಒರೆಸುತ್ತ.

"ಟ್ಯೂಬು ಸಾರ್. ಖಾಲೀದು."

ಖಾಲಿ ಟ್ಯೂಬು ಬಿದ್ದರೆ ನೆಲವೆಲ್ಲ ಕೆಂಪಾಗುವುದಿಲ್ಲ. ಸೊಳ್ಳೆರಾಯ ಒರೆಸುವ ಬಟ್ಟೆಯನ್ನು ಕಾಲಲ್ಲೇ ಎಳೆದುಕೊಂಡು, ಅದರ ಮೇಲೆ ನಿಂತು, ನಿಂತಲ್ಲೇ ನಗುತ್ತ ಎರಡೂ ಪಾದ ತಿಕ್ಕಿದ.

ಸೊಳ್ಳೆರಾಯ ಎಂದು ಅವನಿಗೆ ಹೆಸರಿಟ್ಟವರೂ ಗುಮಾಸ್ತರೇ. ಆ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವ ಕೆಲಸ ಅವನದು. ಸೂಜಿ ಕಂಡು ಮುಖ ಹಿಂಡಿದವರಿಗೆಲ್ಲ ಅವನು ಹೇಳುತ್ತಿದ್ದ ಮಾತು ಒಂದೇ: "ಏನಿಲ್ಲ, ಸೊಳ್ಳೆ ಕಚ್ಚಿದ ಹಾಗೆ, ಅಷ್ಟೇ." ಆರು ವರ್ಷದಲ್ಲಿ ಸಾವಿರಾರು ತೋಳುಗಳನ್ನು ಚುಚ್ಚಿದವನು ತನ್ನ ತೋಳಿಗೆ ಒಂದು ಸಲವೂ ಸೂಜಿ ಸೋಕಿಸಿರಲಿಲ್ಲ. ಹೆದರಿಕೆ. ಈ ಗುಟ್ಟು ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿ ಮೂರು ತಿಂಗಳಿಂದ ನಡೆಯುತ್ತಿದ್ದದ್ದು ಸೊಪ್ಪಿನ ಪರೀಕ್ಷೆ. ಸಕ್ಕರೆ ಕಾಯಿಲೆಯ ಹನ್ನೆರಡು ಜನ ತಮ್ಮ ಮಾತ್ರೆಯ ಜೊತೆಗೆ ದಿನಾ ಬೆಳಿಗ್ಗೆ ಬಂದು ಒಂದು ಲೋಟ ಸೊಪ್ಪಿನ ರಸ ಕುಡಿಯಬೇಕು. ಅವರ ರಕ್ತದ ಸಕ್ಕರೆ ಇಳಿಯುತ್ತದೋ ಇಲ್ಲವೋ ನೋಡಬೇಕು. ಯಾವ ಸೊಪ್ಪು ಎಂದು ಹೊರಗೆ ಬಾಯಿಬಿಡಬಾರದೆಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವರ ಕಟ್ಟಪ್ಪಣೆ. ಕಾಗದಪತ್ರಗಳಲ್ಲಿ ಅದರ ಹೆಸರು 'ಎಲೆ ಮೂರು'. ಮೇಡಂ ಹದಿನೈದು ವರ್ಷದಿಂದ ಈ ಎಲೆಯ ಹಿಂದೆ ಬಿದ್ದವರು. ಇವತ್ತು ಕೊನೆಯ ರಕ್ತ. ಹನ್ನೆರಡರಲ್ಲಿ ಒಂದು ಕಡಿಮೆಯಾದರೂ ವರದಿ ಪಾಸಾಗುವುದಿಲ್ಲ ಎಂಬ ನಿಯಮ ಗೋಡೆಯ ಮೇಲೆ ದಪ್ಪಕ್ಷರದಲ್ಲಿತ್ತು. ವರದಿ ಪಾಸಾದರೆ ಎರಡನೇ ಹಂತ ಉಂಟು, ಎರಡನೇ ಹಂತ ಬಂದರೆ ಸೊಳ್ಳೆರಾಯನ ಕೆಲಸ ಖಾಯಂ. ವರದಿ ಬಿದ್ದರೆ ಎಲ್ಲರೂ ಅವರವರ ಮನೆಗೆ.

ಏಳನೇ ನಂಬರು ಒಬ್ಬ ಬಸ್ ಡ್ರೈವರ್. ರಸ ಕುಡಿದು, ಎರಡು ಗಂಟೆ ಕೂತು, ರಕ್ತ ಕೊಟ್ಟು, ಅಂಗಿಯ ತೋಳು ಇಳಿಸಿಕೊಳ್ಳುತ್ತಲೇ ಓಡಿದ್ದ. ಇಷ್ಟು ಹೊತ್ತಿಗೆ ಬಸ್ಸು ಊರಾಚೆ. ಸಂಜೆ ನಾಲ್ಕರವರೆಗೆ ಅವನು ಸ್ಟೇರಿಂಗ್ ಬಿಡುವವನಲ್ಲ. ಟ್ಯೂಬುಗಳು ಹನ್ನೆರಡಕ್ಕೆ ಮಹಡಿಯ ಯಂತ್ರದ ಕೋಣೆಗೆ ಹೋಗಬೇಕು. ರಕ್ತ ತೆಗೆದವನು ಯಂತ್ರ ಮುಟ್ಟಬಾರದೆಂಬ ಇನ್ನೊಂದು ನಿಯಮವಿದ್ದದ್ದರಿಂದ ಆ ಕೋಣೆಯ ಬೀಗದಕೈ ಮೇಡಂ ಸೊಂಟದಲ್ಲೇ ಇರುತ್ತಿತ್ತು.

ಅಷ್ಟರಲ್ಲಿ ಹೆಂಡತಿಯ ಫೋನು.

"ಏನಾಯ್ತು? ಇವತ್ತೇ ಅಲ್ವಾ ಗೊತ್ತಾಗೋದು?"

"ಇನ್ನೂ ಇಲ್ಲ."

"ಈ ಸಲನಾದ್ರೂ ಖಾಯಂ ಆಗ್ಲಿ ಮಾರಾಯ್ರೇ. ಆರು ವರ್ಷ ಆಯ್ತು, 'ಟೆಂಪರವರಿ' ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೀತು."

ಸೊಳ್ಳೆರಾಯ ಫೋನು ಜೇಬಿಗಿಳಿಸಿದ. ಹೋಗಿ ನಿಜ ಹೇಳಿಬಿಡಲೇ ಎಂದುಕೊಂಡ. ಮೇಡಂ ಕೋಣೆಯ ಬಾಗಿಲವರೆಗೆ ಹೋದ. ಒಳಗೆ ಆಕೆ ಯಾರಿಗೋ ಫೋನಿನಲ್ಲಿ "ಹನ್ನೆರಡಕ್ಕೆ ಹನ್ನೆರಡೂ ಬಂದಿದೆ ಸಾರ್!" ಎಂದು ಮಕ್ಕಳಂತೆ ಕುಣಿಯುತ್ತಿದ್ದರು. ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ. ನೀರಿನ ಬಾಟಲಿ ಎತ್ತಿ ಗಟಗಟ ಕುಡಿದ. ಕುಡಿಯುತ್ತಿದ್ದಂತೆ ಉಪಾಯ ಹೊಳೆಯಿತು.

ರಕ್ತ ತಾನೇ? ಅದು ತನ್ನ ಮೈಯಲ್ಲೂ ಇದೆಯಲ್ಲ!

ಹೊಳೆದ ಬೆನ್ನಿಗೇ ಅದರ ದೋಷವೂ ಕಂಡಿತು. ರಿಜಿಸ್ಟರಿನ ಪ್ರಕಾರ ಡ್ರೈವರನ ಸಕ್ಕರೆ ಮೊದಲು ಇನ್ನೂರ ಮೂವತ್ತಿತ್ತು, ಹೋದ ತಿಂಗಳು ನೂರ ಎಪ್ಪತ್ತು. ಇವತ್ತು ನೂರೈವತ್ತರ ಆಸುಪಾಸು ಬಂದರೆ ಸರಿ. ಸೊಳ್ಳೆರಾಯನದು ತೊಂಬತ್ತೋ ನೂರೋ ಬಂದರೆ ಮೇಡಂ ಬಿಡುತ್ತಾರೆಯೇ? ತನ್ನದು ಅಷ್ಟೇ ಇರುತ್ತದೆಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಮೂವತ್ತೆಂಟರ ವಯಸ್ಸು. ದಿನಕ್ಕೆ ಐದು ಬಾಟಲಿ ನೀರು ಕುಡಿಯುವ ಶಿಸ್ತು. ಈ ನಾಲ್ಕು ತಿಂಗಳಲ್ಲಂತೂ ಒಂದು ದಿನವೂ ವ್ಯಾಯಾಮ ಮಾಡದೆ ಮೈ ಕರಗಿ, ಬೆಲ್ಟಿಗೆ ಎರಡು ಹೊಸ ತೂತು ಬಿದ್ದಿದ್ದವು. ನೆರೆಮನೆಯವರು ಬಂದು ಗುಟ್ಟೇನೆಂದು ಕೇಳಿ ಹೋಗಿದ್ದರು.

ಹಾಗಾದರೆ ಸಕ್ಕರೆ ಏರಿಸಬೇಕು. ಬೇಗ ಏರಿಸಬೇಕು.

'ಇಲ್ಲಿ ತಿನ್ನುವ ಪದಾರ್ಥ ಇಡಕೂಡದು' ಎಂಬ ಚೀಟಿ ಅಂಟಿಸಿದ್ದ ಫ್ರಿಜ್ಜಿನಲ್ಲಿ ಗುಮಾಸ್ತರ ಕೇಕಿನ ಡಬ್ಬಿ ಇರುತ್ತದೆಂದು ಎಲ್ಲರಿಗೂ ಗೊತ್ತು. ಚೀಟಿ ಬರೆದವರೂ ಅವರೇ. ಸೊಳ್ಳೆರಾಯ ಅದನ್ನು ಕೋಟಿನೊಳಗೆ ಸೇರಿಸಿಕೊಂಡು ಸೊಪ್ಪು ಅರೆಯುವ ಕೋಣೆಯ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ, ಅಗಿಯದೆ ನುಂಗತೊಡಗಿದ. ಮೂರು ತುಂಡು ಕೇಕು ಮುಗಿಸಿ, ಸಾಲದೆಂದು ಸಕ್ಕರೆ ಡಬ್ಬಿಗೆ ಚಮಚ ಹಾಕಿದ್ದ. ಹಿಂದಿನಿಂದ ಸೊಂಟದ ಮೇಲೆ ಕೈಯಿಟ್ಟ ನೆರಳೊಂದು ಬಿತ್ತು.

ಅದು ಸೊಪ್ಪಿನಕ್ಕ. ಸೊಪ್ಪು ತೊಳೆದು, ಅರೆದು, ಸೋಸಿ ಹನ್ನೆರಡು ಲೋಟಕ್ಕೆ ತುಂಬುವವಳು, ಉಳಿದದ್ದನ್ನು ಒಣಗಿಸಿ ಪುಡಿ ಮಾಡಿಡುವವಳು. ಜಗತ್ತಿನ ಎಲ್ಲ ರೋಗಕ್ಕೂ ಇದೇ ಸೊಪ್ಪು ಮದ್ದೆಂದು ಮೇಡಂಗಿಂತ ಗಟ್ಟಿಯಾಗಿ ನಂಬಿದವಳು.

"ಅಯ್ಯೋ ತಮ್ಮಾ! ಬರೀ ಸಕ್ಕರೆ ತಿಂತಿದ್ದೀಯಾ? ದಿನಾ ಸಕ್ಕರೆ ಕಾಯ್ಲೆಯೋರ ಮುಖ ನೋಡ್ತಿದ್ರೂ ನಿಂಗೆ ಬುದ್ಧಿ ಬರ್ಲಿಲ್ವಾ?"

"ಅಕ್ಕಾ, ತಲೆ ಸುತ್ತು ಬಂತು, ಅದಕ್ಕೇ..."

"ತಲೆ ಸುತ್ತಾ? ಅದಕ್ಕೂ ಇದೇ ಮದ್ದು. ಕುಡಿ."

"ಬೇಡಕ್ಕಾ, ಇವತ್ತೊಂದಿನ ಬೇಡ!"

"ಒಂದೇ ಗುಟುಕು ಅಂತೀನಿ, ಕುಡೀ."

ಬೇಡವೆಂದರೆ ಅವಳು ಕಾರಣ ಕೇಳುತ್ತಾಳೆ. ಕಾರಣ ಅವಳ ಕಿವಿಗೆ ಬಿದ್ದರೆ ಮಧ್ಯಾಹ್ನದೊಳಗೆ ಮೂರು ಬೀದಿ ಸುತ್ತಿ ಬರುತ್ತದೆ. ಸೊಳ್ಳೆರಾಯ ಕಣ್ಣುಮುಚ್ಚಿ ಲೋಟ ಖಾಲಿ ಮಾಡಿದ. ಆ ಕಹಿ ನಾಲಿಗೆಯಿಂದ ಹೊರಟು ಕಿವಿಯವರೆಗೆ ಹೋಯಿತು. ಮೂರು ತಿಂಗಳಿಂದ ಹನ್ನೆರಡು ಜನರಿಗೆ "ಏನೂ ಕಹಿ ಇರಲ್ಲ, ಕುಡೀರಿ" ಎಂದು ತಾನೇ ಹೇಳಿದ್ದು ನೆನಪಾಗಿ ಅವರೆಲ್ಲರ ಬಗ್ಗೆ ಮರುಕ ಹುಟ್ಟಿತು. ಮರುಕದ ಹಿಂದೆಯೇ ದಿಗಿಲು. ಕೇಕು ಏರಿಸಿದ್ದನ್ನು ಈ ರಸ ಇಳಿಸಿಬಿಟ್ಟರೆ? ಅವಳು ಬೆನ್ನು ತಿರುಗಿಸಿದ್ದೇ ತಡ, ಇನ್ನೂ ನಾಲ್ಕು ಚಮಚ ಸಕ್ಕರೆ ಬಾಯಿಗೆ ಸುರಿದುಕೊಂಡ. ಅವನಿಗೆ ಬಾಯಿ ಒರೆಸಿಕೊಳ್ಳಲು ಬಟ್ಟೆ ತಂದವಳು ಜೊತೆಗೆ ಅರ್ಧ ಲೋಟ ರಸವನ್ನೂ ತಂದಳು. ಹೀಗೆ ಏರಿಸುವುದು ಇಳಿಸುವುದು ಇನ್ನೆರಡು ಸುತ್ತು ನಡೆದು, ಕೊನೆಗೆ ತನ್ನೊಳಗಿನ ಸಕ್ಕರೆ ಮಹಡಿಯಲ್ಲಿದೆಯೋ ನೆಲಮಾಳಿಗೆಯಲ್ಲಿದೆಯೋ ಅವನಿಗೇ ತಿಳಿಯದಾಯಿತು.

ಹನ್ನೊಂದೂಮುಕ್ಕಾಲಕ್ಕೆ ಅವನು ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡ. ಸೂಜಿ ಇತ್ತು, ಟ್ಯೂಬು ಇತ್ತು, ತೋಳಿಗೆ ಕಟ್ಟುವ ರಬ್ಬರು ಪಟ್ಟಿ ಮೇಜಿನ ಮೇಲೇ ಉಳಿದಿತ್ತು. ಬೆಲ್ಟು ಬಿಚ್ಚಿ ತೋಳಿಗೆ ಸುತ್ತಿ ಹಲ್ಲಿನಲ್ಲಿ ಎಳೆದ. ಆಸರೆ ತಪ್ಪಿದ ಪ್ಯಾಂಟು ಸರ್ರನೆ ಇಳಿದು ಪಾದದ ಬಳಿ ಕೂತಿತು. ಸೂಜಿಯ ತುದಿ ಹೊಳೆಯಿತು. ಸೊಳ್ಳೆರಾಯನಿಗೆ ಬೆವರು ಕಿತ್ತುಕೊಂಡು ಬಂತು. ಕಣ್ಣು ಬಿಟ್ಟರೆ ಸೂಜಿ ಕಾಣುತ್ತದೆ, ಮುಚ್ಚಿದರೆ ನರ ಕಾಣುವುದಿಲ್ಲ. ಒಂದು ಕಣ್ಣು ಮುಚ್ಚಿದ.

"ಒಳಗೆ ಯಾರ್ರೀ?" ಬಾಗಿಲು ಧಡಧಡ. ಗುಮಾಸ್ತರು. "ನನ್ನ ಕೇಕು ಕಾಣೆಯಾಗಿದೆ!"

"ಉಂ ಉಂ," ಎಂದ ಸೊಳ್ಳೆರಾಯ, ಬಾಯಲ್ಲಿ ಬೆಲ್ಟು.

"ಏನು ಉಂ ಉಂ? ಬಾಯ್ತುಂಬ ಏನಿದೆ? ನನಗೆ ಗೊತ್ತಾಯ್ತು, ಬನ್ನಿ ಹೊರಗೆ!"

ಬಾಗಿಲು ಇನ್ನೊಮ್ಮೆ ಗುದ್ದಿದ್ದೇ ಒಳ್ಳೆಯದಾಯಿತು. ಬೆಚ್ಚಿದ ಕೈ ತಾನಾಗಿ ಚುಚ್ಚಿತು, ಟ್ಯೂಬು ತುಂಬಿತು. ಗೋಡೆಗೆ ಒರಗಿ, ತನ್ನ ಪ್ರಾಣ ಹೋಗಿಲ್ಲವೆಂದು ಖಚಿತಪಡಿಸಿಕೊಂಡು, ಪ್ಯಾಂಟು ಎತ್ತಿ ಹೊರಬಂದ. ಗುಮಾಸ್ತರು ಅವನ ಬಾಯಿ ಮೂಸಿ ನೋಡಿದರು. ಸೊಪ್ಪಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಸೊಪ್ಪಿನಕ್ಕ ಅಷ್ಟರಮಟ್ಟಿಗೆ ಅವನನ್ನು ಕಾಪಾಡಿದ್ದಳು. ಹನ್ನೆರಡಕ್ಕೆ ಸರಿಯಾಗಿ ಹನ್ನೆರಡು ಟ್ಯೂಬು ಮಹಡಿ ಏರಿದವು.

ಮೂರು ಗಂಟೆಗೆ ಮೇಡಂ ಎಲ್ಲರನ್ನೂ ಕರೆದು ಫಲಿತಾಂಶ ಓದಿದರು. "ಒಂದು, ನೂರ ನಲವತ್ತು. ಎರಡು, ನೂರ ಐವತ್ತೆರಡು..." ಒಂದೊಂದಕ್ಕೂ ಸೊಪ್ಪಿನಕ್ಕ ಚಪ್ಪಾಳೆ ತಟ್ಟುತ್ತಿದ್ದಳು. "ಆರು, ನೂರ ಮೂವತ್ತೆಂಟು. ಏಳು..."

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏಳು, ಮುನ್ನೂರ ನಲವತ್ತೆರಡು."

ಚಪ್ಪಾಳೆಗೆಂದು ಎತ್ತಿದ ಕೈ ಹಾಗೇ ನಿಂತಿತು. ಮೇಡಂ ಕುರ್ಚಿಯಲ್ಲಿ ಕುಸಿದರು. "ಮುಗೀತು. ನನ್ನ ಸೊಪ್ಪು ಆ ಮನುಷ್ಯನಿಗೆ ವಿಷ ಆಗಿದೆ."

ಸೊಳ್ಳೆರಾಯನಿಗೆ ಆಕೆಯ ಮುಖ ನೋಡಲಾಗಲಿಲ್ಲ. ಹದಿನೈದು ವರ್ಷದ ದುಡಿಮೆಗೆ ತನ್ನ ನಾಲ್ಕು ಚಮಚ ಹೆಚ್ಚಿನ ಸಕ್ಕರೆ ಕಲ್ಲು ಹಾಕಿತಲ್ಲ ಎಂದು ನೊಂದುಕೊಂಡ. "ಮೇಡಂ," ಎಂದ ತೊದಲುತ್ತ, "ಅದು... ಯಾರಾದ್ರೂ ಆರೋಗ್ಯವಾಗಿರೋರು ಕೇಕು ಗೀಕು ಸ್ವಲ್ಪ ಜಾಸ್ತಿ ತಿಂದ್ರೂ ಹೀಗೆ ಏರುತ್ತೆ, ಅಲ್ವಾ?"

"ಕೇಕು ಅಂದ್ರಾ?" ಎಂದು ಗುಮಾಸ್ತರು ಕಿವಿ ನೆಟ್ಟಗೆ ಮಾಡಿದರು.

"ಇಲ್ಲ ಕಣಪ್ಪಾ," ಎಂದರು ಮೇಡಂ. "ಆರೋಗ್ಯವಾಗಿರೋನು ಇಡೀ ಕೇಕು ತಿಂದ್ರೂ ನೂರ ಎಂಬತ್ತು ದಾಟೋದೇ ಕಷ್ಟ. ಮುನ್ನೂರ ನಲವತ್ತೆರಡು ಅಂದ್ರೆ ಕಾಯಿಲೆ ಚೆನ್ನಾಗಿ ಬೇರು ಬಿಟ್ಟಿದೆ ಅಂತ ಅರ್ಥ. ಇಂಥವ್ರಿಗೆ ಎಷ್ಟು ನೀರು ಕುಡಿದ್ರೂ ದಾಹ ಹೋಗಲ್ಲ. ಸುಮ್ಮಸುಮ್ಮನೆ ಮೈ ಇಳಿಯುತ್ತೆ. ಆ ಡ್ರೈವರ್ ಪಾಪ, ಬೆಲ್ಟು ಬಿಗಿ ಮಾಡ್ಕೊಂಡು ಓಡಾಡ್ತಿರ್ಬೇಕು, ಏನೂ ಗೊತ್ತಿಲ್ದೆ."

ಸೊಳ್ಳೆರಾಯ ಕೈಯಲ್ಲಿದ್ದ ಬಾಟಲಿಯನ್ನು ಬಾಯಿಗೆ ಎತ್ತಿದ್ದ. ಎತ್ತಿದ್ದು ಅಲ್ಲೇ ನಿಂತಿತು. ಅದು ಆ ದಿನದ ನಾಲ್ಕನೆಯದು. ಇನ್ನೊಂದು ಕೈ ತಾನಾಗಿ ಹೋಗಿ ಬೆಲ್ಟಿನ ಹೊಸ ತೂತುಗಳನ್ನು ಮುಟ್ಟಿ ನೋಡಿಕೊಂಡಿತು. ಅವನಿಗೆ ಮೊದಲು ನೆನಪಾದದ್ದು ಕೆಲಸವಲ್ಲ, ಹೆಂಡತಿ. ನಾಲ್ಕು ತಿಂಗಳಿಂದ ನೋಡಿದವರಿಗೆಲ್ಲ "ನಮ್ಮನೆಯವ್ರು ಸಣ್ಣ ಆದ್ರು" ಎಂದು ಹೆಮ್ಮೆಪಡುತ್ತಿದ್ದಳು.

ನಾಲ್ಕೂಕಾಲಿಗೆ ಡ್ರೈವರನನ್ನು ಹಿಡಿದು ತಂದರು. ಮೇಡಂ ತಾವೇ ಅವನ ಬೆರಳು ಚುಚ್ಚಿ ಸಣ್ಣ ಯಂತ್ರದಲ್ಲಿ ನೋಡಿದರೆ ನೂರ ಮೂವತ್ತಾರು.

"ಬೆಳಿಗ್ಗೆ ಮುನ್ನೂರ ನಲವತ್ತೆರಡು, ಈಗ ನೂರ ಮೂವತ್ತಾರು!" ಸೊಪ್ಪಿನಕ್ಕ ಕೈ ಮುಗಿದಳು. "ನಾನು ಹೇಳ್ಲಿಲ್ವಾ, ಒಂದೇ ದಿನದಲ್ಲಿ ಇಳಿಸುತ್ತೆ ಅಂತ!"

ಡ್ರೈವರ್ ಗಾಬರಿಯಾಗಿ, "ನಾನು ಬದುಕ್ತೀನಾ ಮೇಡಂ?" ಎಂದು ಕೇಳಿದ. ಆ ಮುಖ ನೋಡಿ ಸೊಳ್ಳೆರಾಯನಿಗೆ ತಡೆಯಲಾಗಲಿಲ್ಲ.

"ಬದುಕ್ತೀರಿ. ಅದು ನನ್ನ ರಕ್ತ," ಎಂದ. ಟ್ಯೂಬು ಬಿದ್ದದ್ದರಿಂದ ಹಿಡಿದು ಕಕ್ಕಸಿನವರೆಗೆ ಒಂದೇ ಉಸಿರಿಗೆ ಒದರಿ, "ಕೇಕು ತಿಂದಿದ್ದೂ ನಾನೇ" ಎಂದು ಮುಗಿಸಿದ.

ಮೇಡಂ ಮುಖದಲ್ಲಿ ಸಿಟ್ಟು ಬಂತು. ಸಿಟ್ಟು ಹೋಗಿ ಕನಿಕರ ಬಂತು. ಕನಿಕರದ ಹಿಂದೆ ಇನ್ನೇನೋ ಒಂದು ಹೊಳಪು ಬಂತು. ಸೊಳ್ಳೆರಾಯ ಹೆದರಿದ್ದು ಆ ಹೊಳಪಿಗೆ.

"ರಸ ಕುಡಿದು ಎರಡು ಗಂಟೆಗೆ ತೆಗೆದ ರಕ್ತ ಮಾತ್ರ ಲೆಕ್ಕಕ್ಕೆ. ಏಳನೇ ನಂಬರು ರದ್ದಾಯ್ತು," ಎಂದರು ಮೇಡಂ ನಿಧಾನವಾಗಿ. "ಹನ್ನೊಂದು ಜನ ಸಾಲಲ್ಲ. ಇನ್ನೊಬ್ರು ಸಿಕ್ಕಿದ್ರೆ ಮೂರು ತಿಂಗಳು ಅವಧಿ ಕೊಡ್ತಾರೆ. ಕಾಯಿಲೆ ಇರ್ಬೇಕು, ದಿನಾ ತಪ್ಪದೆ ಬರೋರಾಗಿರ್ಬೇಕು. ನೀವು ಇವತ್ತೇ ಡಾಕ್ಟರ ಹತ್ರ ಹೋಗಿ ಮಾತ್ರೆ ಶುರು ಮಾಡ್ಬೇಕು, ಅದು ಮೊದಲು. ನಾಳೆಯಿಂದ ದಿನಾ ಒಂದು ಲೋಟ ರಸ."

"ಮತ್ತೆ ನನ್ನ ಕೆಲಸ ಮೇಡಂ?"

"ರಕ್ತ ಕೊಡೋನು ರಕ್ತ ತೆಗೆಯೋ ಹಾಗಿಲ್ಲ, ನಿಯಮ ಇದೆ. ಮೂರು ತಿಂಗಳು ಕಳೀಲಿ. ವರದಿ ಪಾಸಾದ್ರೆ ಆಗ ಯೋಚ್ನೆ ಮಾಡೋಣ."

ಅರ್ಜಿ ಬಂತು. 'ನಾನು ಯಾರ ಒತ್ತಾಯವೂ ಇಲ್ಲದೆ, ಸಂತೋಷದಿಂದ, ಸ್ವಇಚ್ಛೆಯಿಂದ ಈ ಪರೀಕ್ಷೆಗೆ ಸೇರುತ್ತಿದ್ದೇನೆ' ಎಂದಿದ್ದ ಕಡೆ ಸೊಳ್ಳೆರಾಯ ಸಹಿ ಹಾಕಿದ. ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸು ಹೇಳಿತು. ಸೊಪ್ಪಿನಕ್ಕ ಆಗಲೇ ನಾಳೆಯ ಲೋಟವನ್ನು ಆರಿಸುತ್ತಿದ್ದಳು, ಎಲ್ಲಕ್ಕಿಂತ ದೊಡ್ಡದು.

"ಮೊದಲ ದಿನದ ರಕ್ತ ಈಗಲೇ ಬೇಕು," ಎಂದರು ಮೇಡಂ. "ಯಾರು ತೆಗೀತೀರಿ? ಯಂತ್ರ ಮುಟ್ಟೋಳು ನಾನು, ನನಗೆ ನಿಯಮದ ಪ್ರಕಾರ ಆಗಲ್ಲ."

ಗುಮಾಸ್ತರು ಎದ್ದು ಅಂಗಿಯ ತೋಳು ಮಡಿಸಿದರು. "ನಾನಿದ್ದೀನಲ್ಲ ಮೇಡಂ. ಇಲ್ಲಿಗೆ ಬರೋ ಮುಂಚೆ ಒಂಬತ್ತು ವರ್ಷ ದನದ ಆಸ್ಪತ್ರೇಲಿ ಇದ್ದೆ. ಎಮ್ಮೆಗಳಿಗೆಲ್ಲ ನಾನೇ ಚುಚ್ತಿದ್ದೆ."

ಸೊಳ್ಳೆರಾಯನನ್ನು ಅವನೇ ಆರು ವರ್ಷ ಜನರನ್ನು ಕೂರಿಸುತ್ತಿದ್ದ ಕುರ್ಚಿಯಲ್ಲಿ ಕೂರಿಸಲಾಯಿತು. ಪಕ್ಕದ ಮೇಜಿನಲ್ಲಿ ಸೊಪ್ಪಿನ ಪುಡಿಯ ತಟ್ಟೆ ತೆರೆದೇ ಇತ್ತು. ಗುಮಾಸ್ತರು ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ, ಕೇಕಿನ ನೆನಪು ತುಂಬಿದ ಕಣ್ಣಿಂದ ಅವನನ್ನೂ ನೋಡಿ, ಮುಗುಳ್ನಕ್ಕರು.

"ಏನಿಲ್ಲ ರೀ, ಸೊಳ್ಳೆ ಕಚ್ಚಿದ ಹಾಗೆ, ಅಷ್ಟೇ."

ಸೂಜಿ ಚರ್ಮದ ಹತ್ತಿರ ಬಂತು. ಸೊಳ್ಳೆರಾಯ ಧೈರ್ಯ ಮಾಡಿ ಒಂದು ಕಣ್ಣು ತೆರೆದ. ಗುಮಾಸ್ತರ ಮೂಗು ಮೆಲ್ಲಗೆ ಅರಳತೊಡಗಿತ್ತು.