ಏಳು ತಾತಂದಿರು, ಒಂದು ಕುತ್ತಿಗೆ

“ಕುತ್ತಿಗೆ ಹಿಂದೆ ಯಾರೋ ಗೂಟ ಹೊಡೆದು ಕುದುರೆ ಕಟ್ಟಿದಾರೆ ಕಣೇ. ನಾನು ಸುಮ್ಮನೆ ಚಹಾ ಕುಡೀತಾ ಇದ್ರೆ ಅದೂ ಸುಮ್ಮನೆ ಮೇಯ್ತಾ ಇರುತ್ತೆ. ಪೆನ್ನು ಹಿಡಿದು ಬಗ್ಗಿದೆನೋ, ಹಗ್ಗ ಜಗ್ಗಕ್ಕೆ ಶುರು. ಮೊದಲು ಭುಜ, ಆಮೇಲೆ ಕಿವಿ ಹಿಂದೆ, ಆಮೇಲೆ ನೆತ್ತಿ ಹತ್ತಿ ಹಣೆಗಿಳಿದು ಕಣ್ಣೊಳಗೆ ನಿಂತು ಕಾಲು ಕೆರೆಯುತ್ತೆ. ಎರಡನೇ ತಾತನ ಬಗ್ಗೆ ಬರೆಯೋ ಹೊತ್ತಿಗೆ ಕಿವಿ ಗುಂಯ್ ಅಂತು, ಮೂರನೇ ತಾತನ ಹೊತ್ತಿಗೆ ನನಗೆ ವಾಂತಿ ಬರೋ ಹಾಗಾಯ್ತು. ಏಳನೆಯವರನ್ನ ಮುಟ್ಟೋ ಹೊತ್ತಿಗೆ ನಾನೇ ಅವರ ಸಾಲಲ್ಲಿ ಹೋಗಿ ಕೂತಿರ್ತೀನಿ. ನೀನು ಮಾತ್ರ ಹಿಟ್ಟು ನಾದ್ತಾ ಇರು.”

ಹೀಗೆಂದವರು ನಮ್ಮ ಯಜಮಾನರು. ನಲವತ್ತು ವರ್ಷ ಬೆಟ್ಟಸೀಮೆಯ ನಮ್ಮ ನಾರಿನ್ ಊರಿನ ಶಾಲೆಯಲ್ಲಿ ಮಕ್ಕಳಿಗೆ “ನೆಟ್ಟಗೆ ಕೂತ್ಕೊಳ್ರೋ” ಎಂದು ಗದರಿದವರು. (ತಾವು ಕೂತರೆ ಕುಡುಗೋಲು.) ಈಗ ಮೊಣಕಾಲೆತ್ತರದ ಊಟದ ಮೇಜಿನ ಮೇಲೆ ಕಾಗದ ಹರಡಿ, ಗದ್ದವನ್ನು ಎದೆಗೆ ಊರಿಕೊಂಡು, ಏಳು ತಲೆಮಾರಿನ ವಂಶಾವಳಿ ಬರೆಯುತ್ತಿದ್ದರು.

ಭಾನುವಾರ ಬಳಗದ ದೊಡ್ಡ ಊಟ. ಅಲ್ಲಿ ಏಳೂ ಹೆಸರನ್ನು ತಡವರಿಸದೆ ಓದಿ, ನಮ್ಮದೇ ಹಿರಿಯ ಕವಲು ಎಂದು ತೋರಿಸಬೇಕು. ತೋರಿಸಿದವರ ಮುಂದೆ ಗೌರವದ ಪಾಲಾಗಿ ಬೇಯಿಸಿದ ಕುರಿಯ ತಲೆ ಬರುತ್ತದೆ. ತಡವರಿಸಿದರೆ ಅದು ದಾಯಾದಿ ಭಾವನ ಪಾಲು. (ಅವರ ಹೆಸರು ಬರೆಯಲಾರೆ. ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಗೆ ತರಬಾರದು. ಐವತ್ತೊಂದು ವರ್ಷದಿಂದ ನನಗೆ ಅವರು ‘ಉದ್ದಮೂಗಿನ ಭಾವ’. ಮೂಗೂ ಹೆಸರಿಗೆ ತಕ್ಕಂತೆ ಬೆಳೆದಿದೆ.)

ನಾನು ಮೊದಲು ಮನೆಮದ್ದಿಗೆ ಕೈ ಹಾಕಿದೆ. ಯಜಮಾನರ ತಲೆಗೆ ಬಟ್ಟೆ ಸುತ್ತಿ, ಗೇಣಿನಿಂದ ಅಳೆದು, ಮೆದುಳು ಬಲಕ್ಕೆ ಜರುಗಿದೆಯೆಂದು ತೀರ್ಮಾನಿಸಿ, ಎರಡು ಬೆರಳಿನಷ್ಟು ಎಡಕ್ಕೆ ಬಿಗಿದೆ. ಸಂಜೆಗೆ ಅವರಿಗೆ ಎಡಗಡೆಯೂ ನೋಯತೊಡಗಿತು. ಆಗ ಆಸ್ಪತ್ರೆಯ ನರ್ಸ್ ನೂರಿಜಾಳನ್ನು ಕರೆಸಿದೆ.

“ಮೆದುಳು ಇದ್ದಲ್ಲೇ ಇದೆ ಅಜ್ಜಿ,” ಅಂದಳು. “ಕೂರೋದು ಸರಿಯಿಲ್ಲ ಅಷ್ಟೆ. ತಲೆ ಅಂದ್ರೆ ಒಂದು ಕಲ್ಲಂಗಡಿ. ನೆಟ್ಟಗಿದ್ರೆ ಬೆನ್ನು ಹೊರುತ್ತೆ, ಮುಂದಕ್ಕೆ ಬಾಗಿದ್ರೆ ಪಾಪ ಕುತ್ತಿಗೆ ಒಂದೇ ಹೊರಬೇಕು. ಆ ನೋವೇ ತಲೆಗೆ ಏರೋದು. ಕಾಗದ ಕಣ್ಣಿನ ಎತ್ತರಕ್ಕಿರಲಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ.”

ಮದುವೆಗೆ ತಂದ ಪೆಟ್ಟಿಗೆಯ ಮೇಲಿಂದ ಹದಿನಾಲ್ಕು ಕೌದಿ ಇಳಿಸಿದೆ. ಆ ಪೆಟ್ಟಿಗೆಯ ಮೇಲೆ ಹಲಗೆ ನಿಲ್ಲಿಸಿ, ಅದಕ್ಕೆ ಕಾಗದ ಒರಗಿಸಿ, ಎದುರಿಗೆ ಸ್ಟೂಲಿನ ಮೇಲೆ ಯಜಮಾನರನ್ನು ಪ್ರತಿಷ್ಠಾಪಿಸಿದೆ. ನೋವು ಇಳಿಯಿತು. ಆದರೆ ಅರ್ಧ ಗಂಟೆಗೊಮ್ಮೆ ಎದ್ದವರು ಹೋಗುವುದಾದರೂ ಎಲ್ಲಿಗೆ? ನನ್ನ ಅಡುಗೆಮನೆಗೆ.

“ಹಾಲು ಉಕ್ಕೋ ಹಾಗಿದೆ.”

“ನೋಡ್ತಾ ಇದೀನಿ.”

“ನೋಡ್ತಾ ಇದ್ರೆ ಉಕ್ಕಲ್ವಾ?”

“ರೀ, ನಿಮಗೆ ನೋವಿದ್ದಾಗಲೇ ಮನೆ ನೆಮ್ಮದಿಯಾಗಿತ್ತು.”

ಬಾಗಿಲಿನಿಂದ ಒಲೆಗೆ, ಒಲೆಯಿಂದ ಕಿಟಕಿಗೆ, ಏಳೂ ಹೆಸರು ಗಟ್ಟಿಯಾಗಿ ಜಪಿಸುತ್ತ ತಿರುಗಿದರು. ಹಿಟ್ಟಿನ ಡಬ್ಬಿ ತೆರೆದು ಮುಚ್ಚಿದರು, ಚಾಕುವಿನ ಅಲಗು ಮುಟ್ಟಿ ನೋಡಿ ನಿಟ್ಟುಸಿರಿಟ್ಟರು. ಶನಿವಾರದ ಹೊತ್ತಿಗೆ ನನಗೂ ಅಷ್ಟೂ ಬಾಯಿಪಾಠ. ಬಾಯಿಗೆ ಮಾತ್ರ ಬೀಗ.

ಭಾನುವಾರ ಉಣ್ಣೆಯ ಡೇರೆಯಲ್ಲಿ ಎಂಬತ್ತು ಜನ. ಓದಲು ಎದ್ದು ನಿಂತಾಗ ಯಜಮಾನರಿಗೆ ನೆನಪಾಯಿತು, ಇಲ್ಲಿ ಪೆಟ್ಟಿಗೆಯಿಲ್ಲ.

“ನೀನೇ ಹಿಡ್ಕೊ. ಕಣ್ಣಿನ ಎತ್ತರಕ್ಕೆ.”

“ನಾನೇನು ಕಂಬವಾ?”

“ಕಂಬ ಆಗಿದ್ರೆ ಎದುರು ಮಾತಾಡ್ತಿರಲಿಲ್ಲ.”

ನಾನು ಅವರ ಎದೆಮಟ್ಟ. ಎರಡೂ ಕೈ ತಲೆಯ ಮೇಲೆತ್ತಿ ಹಿಡಿದೆ. ಮೊದಲ ತಾತ ಸಲೀಸಾಗಿ ಬಂದರು. ಪ್ರತಿ ತಾತನಿಗೂ ಪರಾಕ್ರಮ ಉಂಟು, ಕುದುರೆಗಳುಂಟು, ಅವಕ್ಕೆಲ್ಲ ಒಂದೊಂದು ಪುಟ. ನಾಲ್ಕನೆಯವರು ನದಿ ದಾಟುವಷ್ಟರಲ್ಲಿ ನನ್ನ ತೋಳು ಸೋತವು. ಕಾಗದ ಇಳಿಯಿತು, ಹಿಂದೆಯೇ ಅವರ ತಲೆಯೂ ಇಳಿಯಿತು. ಕಟಕ್ ಎಂದಿತು. ಕುತ್ತಿಗೆ ಅಲ್ಲೇ ಹಿಡಿದುಕೊಂಡಿತು, ನೋವಿಗೆ ಬಾಯಿಪಾಠವೂ ಹಾರಿಹೋಗಿ ಯಜಮಾನರು ತಮ್ಮ ಬೂಟನ್ನೇ ನೋಡುತ್ತ ನಿಂತರು.

“ಏನು ತಮ್ಮ, ಐದನೇ ತಾತ ಬೂಟೊಳಗೆ ಅವಿತಿದಾರಾ?” ಉದ್ದಮೂಗಿನ ಭಾವ ಮೆಲ್ಲಗೆ ಎದ್ದರು. “ಕೂತ್ಕೊ. ಮಿಕ್ಕಿದ್ದು ನಾನು ಓದ್ತೀನಿ.”

ಆ ಮೂಗು ಆಗಲೇ ಕುರಿತಲೆಯ ಕಡೆ ತಿರುಗಿತ್ತು. ನನಗೆ ತಡೆಯಲಾಗಲಿಲ್ಲ. ಐದನೆಯವರು, ಆರನೆಯವರು, ಏಳನೆಯವರು, ಮೂವರನ್ನೂ ಒಂದೇ ಉಸಿರಿನಲ್ಲಿ ಹೆಸರು ಹಿಡಿದು ಕರೆದುಬಿಟ್ಟೆ.

ಬಳಗದ ಹಿರಿಯಜ್ಜ ಗಡ್ಡ ನೀವಿಕೊಂಡರು.

“ಹೆಸರು ಸರಿಯಾಗಿವೆ. ಹಿರಿಯ ಕವಲು ಇವರದೇ, ತಲೆ ಇವನ ಮುಂದಿಡಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ಸೊಸೆ ಹೆಸರೆತ್ತಿದ್ದು ತಪ್ಪು. ಒಂದೊಂದು ಹೆಸರಿಗೆ ಒಂದೊಂದು ದೊಡ್ಡ ಬಾಣಲೆ ಬೋರ್ಸೊಕ್ ಕರಿದು ಬಳಗಕ್ಕೆಲ್ಲ ಹಂಚಮ್ಮ. ಗುರುವಾರದೊಳಗೆ.”

ತಟ್ಟೆ ಬಂತು. ಬಾಗಿದ ಕುತ್ತಿಗೆಗೆ ಸರಿಯಾಗಿ ಎದುರಿಗೆ ಬಂತು. ಕುರಿಯೂ ಯಜಮಾನರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡರು.

ಇವತ್ತು ಬುಧವಾರ. ಅವರ ಕುತ್ತಿಗೆ ಬಿಟ್ಟಿದೆ. ಬೆಳಗಿನಿಂದ ತಗ್ಗು ಮೇಜಿನ ಮೇಲೆ ಬಗ್ಗಿ ಹಿಟ್ಟು ಲಟ್ಟಿಸಿ, ಚೌಕ ಕತ್ತರಿಸಿ, ಕರಿದು, ನನ್ನ ಕಿವಿಯ ಹಿಂದೆ ಏನೋ ಕಾಲು ಕೆರೆಯುತ್ತಿದೆ. ಯಜಮಾನರು ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಾರೆ.

“ಗದ್ದ ಒಳಗೆ ತಗೋ. ಭುಜ ಸಡಿಲ ಬಿಡು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು ಕಣೇ.”

“ಓಡಾಡಿದ್ರೆ ಎಣ್ಣೆ ಮುಂದೆ ಯಾರು ನಿಲ್ತಾರೆ?”

“ಅದೂ ನಿಜ,” ಎಂದು ಬಿಸಿ ಬೋರ್ಸೊಕ್ ಒಂದನ್ನು ಬಾಯಿಗೆ ಹಾಕಿಕೊಂಡು ಹೊರಗೆ ಹೋದರು.

ಐದನೆಯವರ ಬಾಣಲೆ ಇಳಿಸಿದೆ. ಆರನೆಯವರ ಪಾಲಿನ ಹಿಟ್ಟಿಗೆ ಜರಡಿ ಹಿಡಿದೆ.