ಕುಪ್ಪಿಗಿಡದ ಹಾಜರಿ

ಮೇಷ್ಟ್ರಾದವನು ಮನಸ್ಸು ಮಾಡಿದರೆ ಬೋಳುಬಂಡೆಯ ಮೇಲೂ ಶಾಲೆ ತುಂಬಿಸಬಲ್ಲ ಎಂದು ಒಂದು ಬೆಳಿಗ್ಗೆ ನಾನು ನನ್ನ ಹೆಂಡತಿ ಜಯಕ್ಕನ ಎದುರು ಪ್ರತಿಜ್ಞೆ ಮಾಡಿದೆ. ಆಕೆ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸದೆಯೇ, "ಮೊದ್ಲು ಪಡಸಾಲೆ ತುಂಬ್ಸಿ, ಬಂಡೆ ಆಮ್ಯಾಲೆ ನೋಡಾನ" ಎಂದಳು.

ಇದು ಸಾವಿರದ ಒಂಬೈನೂರ ಎಂಟನೆಯ ಇಸವಿಯ ಮಾತು. ನಾನು ಚಳ್ಳಕೆರೆಯವನು. ಸರ್ಕಾರದವರು ನನ್ನನ್ನು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ದೇವಸಮುದ್ರದ ದಾರಿಯ ಒಂದು ಊರಿಗೆ ಹಾಕಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಈ ಸಂಗತಿಯನ್ನು ಮರೆತಿದ್ದಾರೆ ಎಂದು ನಂಬಿಕೊಂಡು ಮುಪ್ಪಿನಲ್ಲಿ ನೆಮ್ಮದಿಯಾಗಿದ್ದೇನೆ.

ಶಾಲೆಗೆ ಬೇರೆ ಕಟ್ಟಡವಿರಲಿಲ್ಲ. ನಾವಿದ್ದ ಮನೆಯ ಪಡಸಾಲೆಯೇ ಶಾಲೆ. ಅಡಿಗೆಮನೆಯ ಬಾಗಿಲಿಗೆ ಮಸಿ ಬಳಿದು ಅದನ್ನೇ ಕರಿಹಲಗೆ ಮಾಡಿದ್ದೆ. ಜಯಕ್ಕ ಬಾಗಿಲು ತೆರೆದಳೆಂದರೆ ಏಳರ ಮಗ್ಗಿ ಅರ್ಧ ಒಳಗೆ, ಅರ್ಧ ಹೊರಗೆ ಉಳಿಯುತ್ತಿತ್ತು.

ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರು ಹೆಸರುಗಳಿದ್ದವು. ಬರುತ್ತಿದ್ದವರು ಐದು ಮಂದಿ. ಉಳಿದವರಲ್ಲಿ ಅರ್ಧ ಕುರಿಯ ಹಿಂದೆ, ಇನ್ನರ್ಧ ಕಜ್ಜಿಯ ಕೈಯಲ್ಲಿ. ಹೀಗಿರುವಾಗ ಇಲಾಖೆಯಿಂದ ಕಾಗದ ಬಂತು. ಬರುವ ಸೋಮವಾರ ಇನ್ಸ್‌ಪೆಕ್ಟರು ತನಿಖೆಗೆ ಬರುತ್ತಾರೆ; ಅಂದು ಇಪ್ಪತ್ತು ಮಕ್ಕಳಿಗಿಂತ ಕಡಿಮೆ ಕಂಡರೆ ಶಾಲೆಯನ್ನು ಬೇರೆ ಊರಿಗೆ ಎತ್ತಲಾಗುವುದು. ಮಕ್ಕಳು ಏಕೆ ಬರುತ್ತಿಲ್ಲ ಎಂದು ಕೇಳುವ ಒಂದು ಸಾಲೂ ಆ ಕಾಗದದಲ್ಲಿರಲಿಲ್ಲ. ಇಲಾಖೆಗೆ ಎಣಿಕೆ ಬೇಕು, ಕಾರಣ ಬೇಡ.

ಶಾಲೆ ಎದ್ದರೆ ನಾವೂ ಏಳಬೇಕು. ಆರು ವರ್ಷಗಳಲ್ಲಿ ಜಯಕ್ಕ ನಾಲ್ಕು ಊರುಗಳಲ್ಲಿ ಒಲೆ ಹೂಡಿದ್ದಳು.

"ನಾಕು ಒಲೆಯಾಗೆ ಇದೊಂದೇ ಹೊಗೆಯಿಲ್ದೆ ಉರಿಯೋದು" ಎಂದಳು. "ಇದನ್ನ ಬಿಟ್ಟು ನಾನು ಬರಲ್ಲ. ಶಾಲೆ ಎತ್ತೋದಾದ್ರೆ ಅದ್ರ ಜೊತೆ ನಿಮ್ಮನ್ನೂ ಎತ್ಕೊಂಡು ಹೋಗ್ಲಿ."

ಮೊದಲು ಕಜ್ಜಿಯನ್ನು ಸೋಲಿಸಬೇಕೆಂದು ನಿಶ್ಚಯಿಸಿ, ಊರ ಹೊರಗಿನ ಕುರಿಹಟ್ಟಿಯಲ್ಲಿ ಮದ್ದು ಕೊಡುತ್ತಿದ್ದ ಯರ್ರಮ್ಮನಲ್ಲಿಗೆ ಹೋದೆ. ಆ ಮುದುಕಿ ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ, ನನ್ನೊಡನೆ ಎರಡನ್ನೂ ಕಲಸಿ ಮಾತಾಡುತ್ತಿದ್ದಳು. ನನಗೇನೂ ಅಂಜಿಕೆಯಿರಲಿಲ್ಲ. ಮೂರು ತಿಂಗಳು ಒಂದು ತೆಲುಗು ವ್ಯಾಕರಣವನ್ನು ಉರುಹೊಡೆದಿದ್ದೆ. ತೆಲುಗಿನ ವಿಭಕ್ತಿಗಳನ್ನು ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದೆ; ಎದ್ದಿರುವಾಗ ಮಾತ್ರ ಯಾರೊಡನೆಯೂ ಆಡಿರಲಿಲ್ಲ. ಜಯಕ್ಕ ಮೊಳಕಾಲ್ಮೂರಿನಲ್ಲಿ ಹುಟ್ಟಿದವಳು, ಮಗ್ಗದ ಮನೆಗಳ ನಡುವೆ ಬೆಳೆದು ನೀರು ಕುಡಿದಂತೆ ತೆಲುಗು ಆಡುವವಳು. ಆದರೆ ಆಕೆಯದು ವ್ಯಾಕರಣವಿಲ್ಲದ ತೆಲುಗು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಯರ್ರಮ್ಮ ಹಟ್ಟಿಯ ಹಿಂದಿನ ತಿಪ್ಪೆಗೆ ಕರೆದುಕೊಂಡು ಹೋಗಿ ಒಂದು ಗಿಡ ತೋರಿಸಿದಳು. ಮೊಣಕಾಲೆತ್ತರದ ಬಡಪಾಯಿ. ಮೊದಲ ಮಳೆ ಬಿದ್ದರೆ ಸಾಕು, ತಿಪ್ಪೆ, ಬಚ್ಚಲ ಬದಿ, ಪಾಳುಗೋಡೆ, ಎಲ್ಲೆಲ್ಲಿ ಯಾರೂ ಕರೆಯುವುದಿಲ್ಲವೋ ಅಲ್ಲೆಲ್ಲ ಹಾಜರು. ಎಲೆಗೆ ಉದ್ದನೆಯ ತೊಟ್ಟು, ಅಂಚಿನಲ್ಲಿ ಗರಗಸದ ಸಣ್ಣ ಹಲ್ಲು. ಒಂದೆಲೆಯ ನೆರಳು ಇನ್ನೊಂದರ ಮೇಲೆ ಬೀಳದಂತೆ ತೊಟ್ಟುಗಳನ್ನು ಉದ್ದಗಿಡ್ಡ ಮಾಡಿಕೊಂಡು ಕುಳಿತಿರುತ್ತದೆ. ನನ್ನ ಐದು ಮಂದಿ ಶಿಷ್ಯರಿಗೂ ಅಷ್ಟು ಶಿಸ್ತಿರಲಿಲ್ಲ. ಎಲೆಯ ಕಂಕುಳಿಂದ ಹಸಿರು ತೆನೆಯೊಂದು ಹೊರಡುತ್ತದೆ. ಅದರ ತುಂಬ ಪುಟ್ಟ ಬಟ್ಟಲುಗಳು, ಬಟ್ಟಲುಗಳೊಳಗೆ ಹೂವು. ಹೂವೆಂದು ಯಾರಾದರೂ ಹೇಳಿದರೆ ಮಾತ್ರ ಹೂವು.

"ಇದು ಕುಪ್ಪಿಗಿಡ" ಎಂದಳು.

ಕುಪ್ಪೆಯ, ಎಂದರೆ ತಿಪ್ಪೆಯ, ಮೇಲೆ ಬೆಳೆಯುವುದರಿಂದ ಕುಪ್ಪಿ ಎಂದು ನಾನು ಅಲ್ಲೇ ನಿಂತು ವ್ಯುತ್ಪತ್ತಿ ಹೇಳಿದೆ. ಯಾರೂ ಕೇಳಿರಲಿಲ್ಲ. ಯರ್ರಮ್ಮ ಕೆಮ್ಮಿದಳು.

"ಎಲೆ ಅರೆದು ಉಪ್ಪು ಸೇರ್ಸಿ ಹಚ್ರಿ ಸಾಮಿ, ಕಜ್ಜಿ ಒಣಗ್ತೈತೆ. ಕೂಸಿಗೆ ಎದೆ ಕಟ್ಟಿದ್ರೆ ನಾಕು ಹನಿ ರಸ ನಾಲಿಗೆಗೆ ಮುಟ್ಟಿಸ್ತೀವಿ, ಕಫ ಕಕ್ತೈತೆ. ಹೊಟ್ಟೆ ಹುಳಕ್ಕೂ ಕೊಡ್ತೀವಿ. ಆದ್ರೆ ಎಲೆ ಮಾತ್ರ ಕಿತ್ಕಳ್ರಿ. ಬೇರು ಕೀಳಬ್ಯಾಡ್ರಿ."

"ಯಾಕಮ್ಮ?"

"ಬೇರು ಮುರಿದ್ರೆ ಪಿಲ್ಲುಲು ಬರ್ತಾವೆ."

ನನ್ನ ಕಿವಿ ನೆಟ್ಟಗಾಯಿತು. ಪಿಲ್ಲಲು ಎಂದರೆ ತೆಲುಗಿನಲ್ಲಿ ಮಕ್ಕಳು. ನನ್ನ ಪುಸ್ತಕದ ಎರಡನೆಯ ಪಾಠದಲ್ಲೇ ಇತ್ತು.

"ಎಷ್ಟು ಬರ್ತಾರೆ?"

"ಊರಾಗಿರೋವೆಲ್ಲ ಬರ್ತಾವೆ."

"ಕರೆಯದೇನೇ?"

"ಕರೆಯೋದೇನು, ಓಡಿಸಿದ್ರೂ ಹೋಗಲ್ಲ. ಅಲ್ಲೇ ಬಿದ್ದು ಹೊರಳಾಡ್ತಾವೆ."

ಕರೆಯದೆ ಬರುವ, ಓಡಿಸಿದರೂ ಹೋಗದ ಮಕ್ಕಳು! ಮೈಸೂರು ಸಂಸ್ಥಾನದ ಯಾವ ಮೇಷ್ಟ್ರಿಗೆ ಇಂಥ ಭಾಗ್ಯ ಲಭಿಸಿತ್ತು? ಆನಂದದಲ್ಲಿ ಮುಳುಗಿದ್ದರೂ ನಾನು ವೃತ್ತಿಧರ್ಮವನ್ನು ಬಿಡಲಿಲ್ಲ.

"ಯರ್ರಮ್ಮ, 'ಬರ್ತಾವೆ' ಅನ್ನಬಾರದು. ಅದು ನಪುಂಸಕಲಿಂಗ. 'ಬರುತ್ತಾರೆ' ಅನ್ನಬೇಕು."

ಮುದುಕಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ನೀವು ಓದಿದೋರು ಸಾಮಿ, ಮರ್ಯಾದೆ ಕೊಡ್ತೀರಿ. ನನ್ ಹಾಲಿನ ಗಡಿಗೆಗೆ ಬಾಯಿ ಹಾಕೋವಕ್ಕೆ ನಾನು ಬರ್ತಾರೆ ಅನ್ನಲ್ಲ."

ಪಾಪ, ಮೊಮ್ಮಕ್ಕಳ ಕಾಟ ಬಹಳವಿರಬೇಕು ಎಂದುಕೊಂಡೆ.

ಎಲೆಯ ಯೋಚನೆ ನನ್ನ ತಲೆಯಿಂದ ಅಂದೇ ಹಾರಿಹೋಯಿತು. ಕಜ್ಜಿ ವಾಸಿಯಾಗಲು ವಾರಗಟ್ಟಲೆ ಬೇಕು, ಬೇರಾದರೋ ತತ್‌ಕ್ಷಣದ ಕೆಲಸ. ಸೋಮವಾರ ಬೆಳಕು ಹರಿಯುತ್ತಲೇ ಹೋಗಿ ಒಂದು ಬುಟ್ಟಿ ತುಂಬ ಬೇರು ಅಗೆದು ತಂದೆ. ಅಡಿಗೆಮನೆಯ ರುಬ್ಬುವ ಕಲ್ಲಿನ ಮೇಲೆ ಅವನ್ನು ಜಜ್ಜಿದೆ. ಚಾಪೆಗಳ ಕೆಳಗೆ ಹರಡಿದೆ, ಬಾಗಿಲವಾಡಕ್ಕೆ ತೋರಣದಂತೆ ಕಟ್ಟಿದೆ. ಗುರುವೇ ಶಾಲೆಯ ಮುಖ್ಯ ಆಕರ್ಷಣೆಯಾದ್ದರಿಂದ ಒಂದು ಹಿಡಿ ಬೇರನ್ನು ರುಮಾಲಿನೊಳಗೂ ಸುತ್ತಿಕೊಂಡೆ.

"ಏನ್ರೀ, ಕಲ್ಲೆಲ್ಲ ಮಣ್ಣಿನ ವಾಸ್ನೆ?" ಎಂದು ಒಳಗಿನಿಂದ ಜಯಕ್ಕ ಕೇಳಿದಳು.

"ಇಲಾಖೆಯ ಕೆಲಸ."

"ಇಲಾಖೆಗೆ ನನ್ ಚಟ್ನಿ ಕಲ್ಲೇ ಬೇಕಿತ್ತಾ?"

ಉತ್ತರ ಕೊಡುವಷ್ಟರಲ್ಲಿ ಗೋಡೆಯ ಮೇಲಿಂದ ಒಂದು ಬೂದು ಬೆಕ್ಕು ಇಳಿಯಿತು. ಅದು ನೇರವಾಗಿ ಚಾಪೆಗೆ ಬಂದು, ಮೂಸಿ, ನಾಲ್ಕು ಕಾಲನ್ನೂ ಮೇಲಕ್ಕೆ ಮಾಡಿ ಹೊರಳಿತು. ಅದರ ಹಿಂದೆ ಗಾಣದ ಪಾತಣ್ಣನ ಮನೆಯ, ಎಣ್ಣೆ ಕುಡಿದು ಮಿರುಗುವ ಹಳದಿ ಬೆಕ್ಕು ಬಂತು. ಆಮೇಲೆ ಜಂಬುಲಿಂಗಪ್ಪನವರ ಕಣಜ ಕಾಯುವ ಬಾಲವಿಲ್ಲದ ಗಡವ ಬೆಕ್ಕು. ಆಮೇಲೆ ಎಣಿಸುವುದನ್ನು ಬಿಟ್ಟೆ. ಪಡಸಾಲೆಯ ತುಂಬ ಬೆಕ್ಕುಗಳು ಜೊಲ್ಲು ಸುರಿಸಿಕೊಂಡು ಚಾಪೆಗೆ ಕೆನ್ನೆ ಉಜ್ಜುತ್ತಿದ್ದವು. ಪೊರಕೆ ತೋರಿಸಿದೆ, ಒಂದು ಬೆಕ್ಕು ಪೊರಕೆಯನ್ನು ತಬ್ಬಿಕೊಂಡಿತು.

ಕರಿಹಲಗೆ ತೆರೆದು ಜಯಕ್ಕ ಹೊರಗೆ ಬಂದಳು. "ಇದೇನ್ರೀ?"

"ಬೇರು ಮುರಿದರೆ ಮಕ್ಕಳು ಬರ್ತಾರೆ ಅಂತ ಯರ್ರಮ್ಮ ಹೇಳಿದ್ದಳು."

"ಅವ್ಳು ಏನಂದ್ಲೋ ಅದನ್ನ ಅವ್ಳ ಬಾಯಾಗೇ ಹೇಳಿ."

"ಪಿಲ್ಲುಲು ಬರ್ತಾವೆ ಅಂದಳು."

ಜಯಕ್ಕ ಹೊಸ್ತಿಲ ಮೇಲೆ ಕುಸಿದು ಕುಳಿತು ನಕ್ಕಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು: "ಪಿಲ್ಲಲು ಅಂದ್ರೆ ಮಕ್ಳು. ಪಿಲ್ಲುಲು ಅಂದ್ರೆ ಬೆಕ್ಕುಗಳು. ಒಂದು ಕೊಂಬು ಕಣ್ರೀ, ಒಂದೇ ಒಂದು ಕೊಂಬು. ನಿಮ್ ತಲೆ ಮ್ಯಾಲಿತ್ತಲ್ಲ, ಅದನ್ನ ಅಕ್ಷರಕ್ಕೆ ಹಾಕಿದ್ರೆ ಸರಿಹೋಗ್ತಿತ್ತು."

ಬರ್ತಾವೆ! ನಪುಂಸಕಲಿಂಗ, ಬಹುವಚನ, ಕ್ರಿಯಾಪದ. ಅಕ್ಷರ ತಿಳಿಯದ ಮುದುಕಿಯ ವ್ಯಾಕರಣ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದನ್ನು ತಿದ್ದಿದ ಮಹಾನುಭಾವ ನಾನು.

ಪಶ್ಚಾತ್ತಾಪಪಡಲು ಬಾಲವಿಲ್ಲದ ಗಡವ ಅವಕಾಶ ಕೊಡಲಿಲ್ಲ. ಹಾರಿ ಹೆಗಲಿಗೇರಿ ಅಲ್ಲಿಂದ ರುಮಾಲಿಗೆ ಲಗ್ಗೆ ಹಾಕಿತು. ನಾನು ಬಾವಿಯ ಕಡೆಗೆ ಓಡಿದೆ. ಬೆಕ್ಕುಗಳಲ್ಲಿ ಅರ್ಧದಷ್ಟು ನನ್ನ ಬೆನ್ನು ಹತ್ತಿದವು. ಊರ ಬೀದಿಯಲ್ಲಿ ಮುಂದೆ ಮೇಷ್ಟ್ರು, ಹಿಂದೆ ಬೆಕ್ಕಿನ ಹಿಂಡು.

"ಲೇ ಜಂಪಣ್ಣ, ಮೇಷ್ಟ್ರು ಬೆಕ್ಕಿಗೆ ಪಾಠ ಹೇಳಾಕೆ ಹಿಡಿದವ್ರೆ, ಬಾರಲೇ ನೋಡಾನ" ಎಂದು ಯಾರೋ ಕೂಗಿದ್ದು ಕೇಳಿಸಿತು.

ಬಾವಿಯ ಮೆಟ್ಟಿಲಿನಲ್ಲಿ ಕುಳಿತು ತಲೆಗೆ ಸೀಗೆಪುಡಿಯಿಲ್ಲದೆ ಮಣ್ಣು ತಿಕ್ಕಿ ಮೂರು ಬಾರಿ ಮುಳುಗಿದೆ. ಆ ಹೊತ್ತಿನಲ್ಲಿ ಶಾಲೆಯಲ್ಲಿ ಏನು ನಡೆಯಿತೆಂಬುದನ್ನು ಆಮೇಲೆ ಜಯಕ್ಕನ ಬಾಯಿಂದ ಕೇಳಿ ತಿಳಿದೆ. ಬೆಕ್ಕಿನ ಸುದ್ದಿ ಹಬ್ಬಿ ಊರಿನ ಮಕ್ಕಳೆಲ್ಲ ಪಡಸಾಲೆಗೆ ನುಗ್ಗಿದ್ದವು. ಕುರಿಯನ್ನು ತಂದೆಗೆ ಒಪ್ಪಿಸಿ ಬಂದವು, ಕಜ್ಜಿಯನ್ನು ಕೆರೆದುಕೊಳ್ಳುತ್ತ ಬಂದವು. ಎಲ್ಲವೂ ಸಾಲಾಗಿ, ಉಸಿರು ಬಿಗಿಹಿಡಿದು ಬೆಕ್ಕುಗಳನ್ನು ನೋಡುತ್ತ ಕುಳಿತವು. ನನ್ನ ಕಾಲದಲ್ಲಿ ಆ ಪಡಸಾಲೆ ಅಂಥ ಮೌನವನ್ನು ಕಂಡಿರಲಿಲ್ಲ. ಆಗ ಬಾಗಿಲಲ್ಲಿ ಬಂಡಿ ನಿಂತಿತು. ಇನ್ಸ್‌ಪೆಕ್ಟರು ಒಳಗೆ ಬಂದರು.

"ಇದೇನಮ್ಮ ಇದು?"

"ವಸ್ತುಪಾಠ, ಸ್ವಾಮಿ" ಎಂದಳಂತೆ ಜಯಕ್ಕ.

ವಸ್ತುವನ್ನೇ ಎದುರಿಗಿಟ್ಟು ಕಲಿಸಿರಿ ಎಂಬುದು ಆಗ ಇಲಾಖೆಯ ಹೊಸ ಹುಕುಂ. ಕರಿಹಲಗೆಯ ಹಿಂಭಾಗದಲ್ಲಿ ಸಾರು ಕುದಿಸುತ್ತ ಆಕೆ ಆ ಮಾತನ್ನು ನೂರು ಸಲ ಕೇಳಿದ್ದಳು. ಬುಟ್ಟಿಯಲ್ಲಿ ಬೇರಿನೊಡನೆ ಬಂದಿದ್ದ ಒಂದು ಗಿಡ ಎತ್ತಿ ತೋರಿಸಿದಳು. ರಂಗೋಲಿ ಹಾಕುವ ಕೈಯಿಂದ ಬಾಗಿಲಿನ ಮೇಲೆ ಹಲ್ಲು ಹಲ್ಲಾದ ಎಲೆ, ತೆನೆ, ಬಟ್ಟಲು ಬರೆದಳು.

"ಇದ್ರ ಎಲೆ ಯಾತಕ್ಕೆ ಆಗ್ತೈತೆ?"

"ಕಜ್ಜೀಗೆ" ಎಂದವು ಕಜ್ಜಿಯ ಮಕ್ಕಳು. ಮನೆಯಲ್ಲಿ ಅಜ್ಜಿಯರು ಹಚ್ಚುತ್ತಿದ್ದದ್ದೇ ಅಲ್ಲವೇ.

"ಬೇರು ಮುರಿದ್ರೆ?"

"ಬೆಕ್ಕು ಬರ್ತಾವೆ" ಎಂದು ಪಡಸಾಲೆ ಒಂದೇ ದನಿಯಲ್ಲಿ ಹೇಳಿತಂತೆ.

ಇನ್ಸ್‌ಪೆಕ್ಟರು ತಮ್ಮ ಕಾಲ ಮೇಲೆ ಹೊರಳುತ್ತಿದ್ದ ಹಳದಿ ಬೆಕ್ಕನ್ನು ಮೆಲ್ಲಗೆ ಸರಿಸಿ, ಮಕ್ಕಳನ್ನು ಎಣಿಸಿ, ಬರೆಯಲು ಕುಳಿತರು.

ನಾನು ಒದ್ದೆ ಪಂಚೆಯಲ್ಲಿ, ಬಿಟ್ಟುಹೋಗದ ಗಡವವನ್ನು ಕಂಕುಳಲ್ಲಿ ಹೊತ್ತುಕೊಂಡು ಬಾಗಿಲಿಗೆ ಬಂದಾಗ ಅವರು ತಲೆಯೆತ್ತಿ ನೋಡಿದರು.

"ಏನಪ್ಪಾ, ಮಗುವನ್ನು ಶಾಲೆಗೆ ಸೇರಿಸಬೇಕೇ?"

"ಸ್ವಾಮಿ, ನಾನು ಮೇಷ್ಟ್ರು."

ಅವರು ನನ್ನನ್ನು ನೋಡಿದರು, ಗಡವವನ್ನು ನೋಡಿದರು, ಕೊನೆಗೆ ಜಯಕ್ಕನ ಕಡೆ ತಿರುಗಿದರು. "ಹಾಗಾದರೆ ತಾವು?"

"ನಾನು ಬಾಗಿಲ ಆಚೆಯೋಳು, ಸ್ವಾಮಿ" ಎಂದು ಆಕೆ ಕರಿಹಲಗೆ ತೆರೆದು ಒಳಗೆ ಹೋದಳು. ಒಲೆ ಊದುವ ಸದ್ದು ಬಹಳ ಗೆಲುವಾಗಿ ಕೇಳಿಸಿತು.

ಇನ್ಸ್‌ಪೆಕ್ಟರು ತನಿಖೆಯ ಪುಸ್ತಕವನ್ನು ನನ್ನ ಕಡೆಗೆ ತಳ್ಳಿದರು. ಅದರಲ್ಲಿ ಹೀಗೆ ಬರೆದಿತ್ತು: "ಮಕ್ಕಳು ಮೂವತ್ತೊಂದು. ವಸ್ತುಪಾಠ ಅತ್ಯುತ್ತಮ. ಶಾಲೆ ಇದೇ ಊರಿನಲ್ಲಿ ಮುಂದುವರಿಯತಕ್ಕದ್ದು. ಉಪಾಧ್ಯಾಯರು ಗೈರುಹಾಜರು."

ಕೊನೆಯ ಸಾಲನ್ನು ತಿದ್ದಬೇಕೆಂದು ಕೈಮುಗಿದೆ. ಮಸಿ ಒಣಗಿದೆ ಎಂದರು. ನಿಯಮದಂತೆ ಅದರ ಕೆಳಗೆ, "ಹಾಜರಿದ್ದು ಓದಿಕೊಂಡೆ" ಎಂದು ನನ್ನಿಂದಲೇ ಬರೆಸಿ ಸಹಿ ಹಾಕಿಸಿಕೊಂಡು ಬಂಡಿ ಹತ್ತಿದರು.